ಯೆಜ್ಡಿ ರೋಡ್‌ಕಿಂಗ್‌ಗೆ ಮನೆಯಲ್ಲೇ ಸೈಲೆನ್ಸರ್ ಕಟ್ಟೋದು: ಅಳತೆ, ತಗಡು, ವೆಲ್ಡಿಂಗ್ ಬಗ್ಗೆ ಸಲಹೆ ಬೇಕು

ರೋಡ್‌ಕಿಂಗ್ ಶಿವಮೊಗ್ಗ:

ಎಲ್ರಿಗೂ ನಮಸ್ಕಾರ. ಗಾಡಿ ಯೆಜ್ಡಿ ರೋಡ್‌ಕಿಂಗ್, ಹಳೇ ಟೂ ಸ್ಟ್ರೋಕ್ ಬೈಕು. ಇಂಜಿನ್ ಕೆಲಸ ಮುಗೀತು. ಬೋರ್, ಪಿಸ್ಟನ್, ಕ್ರ್ಯಾಂಕ್ ಬೇರಿಂಗ್, ಆಯಿಲ್ ಸೀಲ್ ಎಲ್ಲಾ ಹೊಸದು. ಬಾಕಿ ಇರೋದು ಸೈಲೆನ್ಸರ್. ಗಾಡಿ ಜೊತೆ ಬಂದ ಒರಿಜಿನಲ್ ಜೋಡಿ ಮುಂದಿನರ್ಧ ಗಟ್ಟಿಯಾಗಿದೆ, ಹಿಂದಿನರ್ಧದ ತಳ ಮಾತ್ರ ತುಕ್ಕು ತಿಂದು ಬೆರಳಿಟ್ಟರೆ ಪುಡಿಯಾಗಿ ಉದುರುತ್ತೆ.

ಅಂಗಡೀಲಿ ಸಿಗೋ ಡೂಪ್ಲಿಕೇಟ್ ಜೋಡಿ ಹಾಕಿ ಓಡಿಸಿದೆ. ತಗಡು ತೀರಾ ತೆಳು. ಒಳಗೆ ಸದ್ದು ತಗ್ಗಿಸೋ ಬಫಲ್ ಅಂತ ಇರೋದು ನಾಲ್ಕು ತೂತು ಹೊಡೆದ ಕೊಳವೆ, ಅಷ್ಟೇ. ಸದ್ದು ಕರ್ಕಶ. ಆಗುಂಬೆ ಕಡೆ ಏರು ಬಂದಾಗ ಇಂಜಿನ್ ಎಳೀತಿಲ್ಲ, ಅದೇ ಇಂಜಿನ್ನು, ಅದೇ ಕಾರ್ಬ್ಯುರೇಟರ್ರು. ಅದಕ್ಕೆ ನಾನೇ ಕಟ್ಟೋಣ ಅಂತ ತೀರ್ಮಾನ ಮಾಡಿದೀನಿ. ಮನೇಲಿ ಇನ್ವರ್ಟರ್ ಆರ್ಕ್ ಮಷಿನ್, ಗ್ರೈಂಡರ್, ಬೆಂಚ್ ವೈಸ್ ಇದೆ. ಗೇಟು, ಕಿಟಕಿ ಗ್ರಿಲ್ಲು ಮಾಡಿ ಅಭ್ಯಾಸ ಇದೆ, ತೆಳು ತಗಡಿನ ಅಭ್ಯಾಸ ಇಲ್ಲ.

ಕೇಳಬೇಕಾಗಿರೋದು ಇಷ್ಟು. ಟೂ ಸ್ಟ್ರೋಕ್‌ಗೆ ಹೊಟ್ಟೆ ಉಬ್ಬಿದ ಎಕ್ಸ್‌ಪಾನ್ಷನ್ ಚೇಂಬರ್ ಕಟ್ಟಬೇಕಾ, ಇಲ್ಲಾ ಹಳೇ ಆಕಾರವನ್ನೇ ಮತ್ತೆ ಮಾಡಬೇಕಾ? ಯಾವ ತಗಡು? ಆರ್ಕ್‌ನಲ್ಲಿ ಆಗುತ್ತಾ, ಟಿಗ್ (ಆರ್ಗಾನ್ ಗಾಳಿಯ ಆಸರೆಯಲ್ಲಿ ಮಾಡೋ ವೆಲ್ಡಿಂಗ್) ಬೇಕೇ ಬೇಕಾ?

ಯಾದವಗಿರಿ ಹಳಬ:

ತಮ್ಮಾ, ಮೊದಲು ಆ ಹಳೇ ಜೋಡೀನ ಗುಜರಿಗೆ ಹಾಕ್ಬೇಡ. ನಿನಗೆ ಬೇಕಾದ ನಕ್ಷೆ ಅದರೊಳಗೇ ಇದೆ. ಒಂದನ್ನ ಉದ್ದಕ್ಕೆ ಸೀಳಿ ಬಿಚ್ಚು. ಇಂಜಿನ್‌ನಿಂದ ಬರೋ ಬಾಗಿದ ಕೊಳವೆ, ಅಂದ್ರೆ ಬೆಂಡ್ ಪೈಪ್ ಎಲ್ಲಿ ಮುಗಿಯುತ್ತೆ, ಅಲ್ಲಿಂದ ಎಷ್ಟು ದೂರದಲ್ಲಿ ಅಗಲ ಶುರುವಾಗುತ್ತೆ, ಎಲ್ಲಿ ಪೂರ್ತಿ ಅಗಲ, ಎಲ್ಲಿಂದ ಮತ್ತೆ ಸಣ್ಣ ಆಗುತ್ತೆ, ಬಫಲ್ ಕೊಳವೆಯ ಒಳ ಅಳತೆ ಎಷ್ಟು, ತೂತುಗಳು ಎಷ್ಟು ದಪ್ಪ, ಎಲ್ಲಾ ಬರ್ಕೋ.

ನಾನು ಬೆಳೆದದ್ದು ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿ ಹತ್ತಿರದ ಬೀದೀಲಿ. 1961ರಿಂದ 1996ರ ತನಕ ಅಲ್ಲಿ ಗಾಡಿ ತಯಾರಾಯ್ತು. 1973ರ ಹೊತ್ತಿಗೆ ಜಾವಾ ಹೋಗಿ ಯೆಜ್ಡಿ ಅಂತ ಹೆಸರು ಬಂತು. ಆ ಇಂಜಿನ್‌ಗೆ ಒಂದೇ ಸಿಲಿಂಡರ್, ಆದರೆ ಎಕ್ಸಾಸ್ಟ್ ಬಾಯಿ ಎರಡು. ಎರಡು ಸೈಲೆನ್ಸರ್ ಬರೀ ಚೆಂದಕ್ಕೆ ಅಂತ ತಿಳಿದವರು ತುಂಬಾ ಜನ. ಅದು ತಪ್ಪು. ಸುಟ್ಟ ಗಾಳಿ ಎರಡು ದಾರಿಲಿ ಹಂಚಿಹೋಗುತ್ತೆ. ಒಂದು ಕಡೆಯದ್ದು ಖಾಲಿ, ಒಂದು ಕಡೆಯದ್ದು ಕಾರ್ಬನ್ ಕಟ್ಟಿದ್ದು ಅಂದ್ರೆ ಇಂಜಿನ್ ಒಂದೇ ಸಮ ಓಡಲ್ಲ. ಏನೇ ಕಟ್ಟು, ಎರಡನ್ನೂ ಒಂದೇ ಅಳತೆಗೆ ಕಟ್ಟು.

ಇನ್ನೊಂದು, ಹಿಂದಿನರ್ಧದ ತಳ ಯಾಕೆ ತಿಂದಿದೆ ಗೊತ್ತಾ? ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹುಟ್ಟುತ್ತೆ. ಗಾಡಿ ಚೆನ್ನಾಗಿ ಕಾದರೆ ಅದು ಆವಿಯಾಗಿ ಹೊರಗೆ ಹೋಗುತ್ತೆ. ಅಂಗಡಿಗೆ, ಹಾಲಿಗೆ ಅಂತ ಹತ್ತಿರ ಹತ್ತಿರ ಓಡಿಸಿದ್ರೆ ಆ ನೀರು ಹಿಂದೆ ತಣ್ಣಗಿರೋ ಕಡೆ ಇಳಿದು ಅಲ್ಲೇ ನಿಲ್ಲುತ್ತೆ. ಮುಂದೆ ಆಯಿಲ್ ಜಿಡ್ಡು ತಗಡನ್ನ ಕಾಪಾಡುತ್ತೆ.

ಕಡಲತೀರ ಆರ್‌ಎಕ್ಸ್:

ಹಿರಿಯರ ಮಾತಿಗೆ ಎದುರಾಡ್ತಾ ಇಲ್ಲ, ಆದ್ರೆ ನಾನು ಎಕ್ಸ್‌ಪಾನ್ಷನ್ ಚೇಂಬರ್ ಪರ. ಉಡುಪಿಯಲ್ಲಿ ನನ್ನ ಯಮಹಾ ಆರ್‌ಎಕ್ಸ್ 100 ಬೈಕಿಗೆ ಕಟ್ಟಿದ್ದು ಉಂಟು, ಅದರ ಎಳೆತ ಅನುಭವಿಸಿದವರಿಗೇ ಗೊತ್ತು ಮಾರಾಯ್ರೇ.

ನಮ್ಮ ಟೂ ಸ್ಟ್ರೋಕ್ ಬೈಕಿನಲ್ಲಿ ಎಕ್ಸಾಸ್ಟ್ ವಾಲ್ವ್ ಇಲ್ಲ, ಪಿಸ್ಟನ್ನೇ ಬಾಯಿ ತೆರೆದು ಮುಚ್ಚುವುದು. ಸುಟ್ಟ ಗಾಳಿ ಹೊರಗೆ ಹೋಗುವ ಹೊತ್ತಿಗೆ ಹೊಸ ಪೆಟ್ರೋಲ್ ಗಾಳಿಯೂ ಒಳಗೆ ಬರ್ತಾ ಇರ್ತದೆ, ಅದರಲ್ಲಿ ಒಂದಷ್ಟು ನೇರ ಸೈಲೆನ್ಸರ್‌ಗೆ ಜಾರಿ ಹೋಗ್ತದೆ. ಬಾಯಿ ತೆರೆದ ಕೂಡ್ಲೇ ಹೊರಟ ಒತ್ತಡದ ಅಲೆ ಅಗಲ ಆಗುವ ಕೋನ್ ಮುಟ್ಟಿದಾಗ ಹಿಂದಕ್ಕೆ ಒಂದು ಎಳೆತದ ಅಲೆ ಕಳಿಸ್ತದೆ. ಅದು ಸಿಲಿಂಡರ್‌ನಲ್ಲಿ ಉಳಿದ ಹೊಗೆಯನ್ನು ಹೊರಗೆ ಹೀರ್ತದೆ. ಅದೇ ಅಲೆ ಮುಂದೆ ಹೋಗಿ ಸಣ್ಣ ಆಗುವ ಕೋನ್‌ಗೆ ಬಡಿದಾಗ ತಳ್ಳುವ ಅಲೆ ವಾಪಸ್ ಬರ್ತದೆ. ಅದು ಬಾಯಿ ಮುಚ್ಚುವ ಮೊದಲು ಬಂದು ಮುಟ್ಟಿದ್ರೆ, ಜಾರಿ ಹೋದ ಹೊಸ ಗಾಳಿಯನ್ನು ಮತ್ತೆ ಸಿಲಿಂಡರ್ ಒಳಗೆ ನೂಕ್ತದೆ.

ಪೂರ್ವ ಜರ್ಮನಿಯ ಎಂ ಝೆಡ್ ಕಂಪನಿಯ ವಾಲ್ಟರ್ ಕಾಡೆನ್ ಇದನ್ನು ಪಳಗಿಸಿದ ಇಂಜಿನಿಯರ್. 1961ಕ್ಕೆ ಅವನ 125 ಸಿಸಿ ರೇಸ್ ಇಂಜಿನ್ 25 ಅಶ್ವಶಕ್ತಿ ಕೊಡ್ತಿತ್ತು. ಆ ವರ್ಷವೇ ಅವರ ರೇಸರ್ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ ರೇಸ್ ಸಮಯದಲ್ಲಿ ಪಶ್ಚಿಮಕ್ಕೆ ಓಡಿಹೋಗಿ ಸುಜುಕಿ ಸೇರಿದ, ಮರುವರ್ಷ ಸುಜುಕಿಗೆ 50 ಸಿಸಿ ವಿಶ್ವ ಚಾಂಪಿಯನ್‌ಶಿಪ್ ಗೆದ್ದುಕೊಟ್ಟ. ಇವತ್ತು ನಮ್ಮ ಊರಿನ ಗ್ಯಾರೇಜ್‌ನಲ್ಲಿ ಕಟ್ಟುವ ಚೇಂಬರ್ ಕೂಡ ಆ ಲೆಕ್ಕದ ಮೇಲೆಯೇ ನಿಂತದ್ದು. ಬರೀ ತಗಡು ಸುತ್ತಿ ಸದ್ದು ಅಡಗಿಸುವ ಡಬ್ಬ ಯಾಕೆ ಮಾಡ್ತೀರಿ?

ಯಾದವಗಿರಿ ಹಳಬ:

ಆರ್‌ಎಕ್ಸ್ ಸ್ನೇಹಿತರೇ, ನೀವು ಹೇಳಿದ್ದು ಪೂರಾ ಸರಿ. ಆದರೆ ಆ ಅಲೆ ಒಂದು ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ತಿರುಗೋ ಸುತ್ತು) ಸುತ್ತಮುತ್ತ ಮಾತ್ರ ಹೊತ್ತಿಗೆ ಸರಿಯಾಗಿ ಬರೋದು. ನಿಮ್ಮ ಗಾಡಿ 7500ರಲ್ಲಿ ಪೂರ್ತಿ ಶಕ್ತಿ ಕೊಡೋದು. ಯೆಜ್ಡಿ ಅದಕ್ಕಿಂತ ಎಷ್ಟೋ ಕೆಳಗೆ ಕೆಲಸ ಮಾಡೋ ಗಾಡಿ. ಅವನು ಓಡಿಸೋದು ಆಗುಂಬೆ ಘಾಟಿ. 3000ದಿಂದ 5000ದ ನಡುವೆ ಎಳೆತ ಬೇಕು ಅವನಿಗೆ. ಆರ್‌ಎಕ್ಸ್ ಚೇಂಬರ್ ನೋಡಿ ಅದೇ ಅಳತೆ ಯೆಜ್ಡಿಗೆ ಹಾಕಿದ್ರೆ ಬೇಕಾದ ಜಾಗದಲ್ಲಿ ಇಂಜಿನ್ ಸತ್ತ ಹಾಗಿರುತ್ತೆ.

ಲೆಕ್ಕದ ಮೇಡಂ:

ಇಬ್ಬರ ಮಾತೂ ಒಂದೇ ಸೂತ್ರದಲ್ಲಿ ಸಿಗುತ್ತೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡ್ತೀನಿ, ಮನೆಯವರದು ಯೆಜ್ಡಿ ಹುಚ್ಚು, ಹಾಗಾಗಿ ಈ ಲೆಕ್ಕ ನಮ್ಮ ಮನೇಲಿ ಆಗಿದೆ.

ಬಿಸಿ ಹೊಗೆಯಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 518 ಮೀಟರ್ ಅಂತ ಹಿಡೀತಾರೆ. ಎಕ್ಸಾಸ್ಟ್ ಬಾಯಿ ತೆರೆದಿರೋ ಅವಧಿಯಲ್ಲಿ ಅಲೆ ಹೋಗಿ ಬರಬೇಕು. ಹಾಗಾದ್ರೆ ಉದ್ದ (ಮಿಲಿಮೀಟರ್‌ನಲ್ಲಿ) = 43,167 × ಬಾಯಿ ತೆರೆದಿರೋ ಡಿಗ್ರಿ ÷ ಆರ್‌ಪಿಎಂ. ಈ ಉದ್ದವನ್ನ ಪಿಸ್ಟನ್ ಮುಖದಿಂದ ಹಿಂದಿನ ಕೋನ್‌ನ ಮಧ್ಯದವರೆಗೆ ಅಳೀಬೇಕು.

ಉದಾಹರಣೆಗೆ 160 ಡಿಗ್ರಿ, 5000 ಆರ್‌ಪಿಎಂ ಇಟ್ಕೊಳ್ಳಿ: 1381 ಮಿ.ಮೀ. ಅದೇ 175 ಡಿಗ್ರಿ, 7500 ಆರ್‌ಪಿಎಂ ಅಂದ್ರೆ 1007 ಮಿ.ಮೀ. ನೋಡಿ, ಒಂದು ಅಡಿಗಿಂತ ಹೆಚ್ಚು ವ್ಯತ್ಯಾಸ. ಕೆಳಗಿನ ಆರ್‌ಪಿಎಂಗೆ ಉದ್ದ ಪೈಪ್ ಬೇಕು. ಯೆಜ್ಡಿಯ ಸೈಲೆನ್ಸರ್ ಹಿಂದಿನ ಚಕ್ರದ ತನಕ ಚಾಚಿಕೊಂಡಿರೋದು ಸುಮ್ಮನೆ ಅಲ್ಲ.

160 ಅನ್ನೋದು ನಾನು ಲೆಕ್ಕಕ್ಕೆ ಇಟ್ಟ ಸಂಖ್ಯೆ. ನಿಮ್ಮ ಇಂಜಿನ್‌ದು ನೀವೇ ಅಳೆಯಿರಿ. ದಪ್ಪ ರಟ್ಟಿನ ಮೇಲೆ 360 ಡಿಗ್ರಿ ಚಕ್ರ ಅಂಟಿಸಿ ಕ್ರ್ಯಾಂಕ್ ತುದಿಗೆ ಕಟ್ಟಿ, ತಂತಿ ಒಂದನ್ನ ಮುಳ್ಳು ಮಾಡಿ. ಬೆಂಡ್ ಪೈಪ್ ಬಿಚ್ಚಿ ಎಕ್ಸಾಸ್ಟ್ ಬಾಯಿಯೊಳಗೆ ಟಾರ್ಚ್ ಬಿಟ್ಟು ನೋಡ್ತಾ ನಿಧಾನ ತಿರುಗಿಸಿ. ಪಿಸ್ಟನ್ ಅಂಚಿನ ಹಿಂದೆ ಬೆಳಕಿನ ಗೆರೆ ಕಂಡ ಕ್ಷಣದಿಂದ ಅದು ಮುಚ್ಚೋ ಕ್ಷಣದವರೆಗೆ ಎಷ್ಟು ಡಿಗ್ರಿಯೋ ಅದೇ ನಿಮ್ಮ ಸಂಖ್ಯೆ.

ರೋಡ್‌ಕಿಂಗ್ ಶಿವಮೊಗ್ಗ:

ಮೇಡಂ, ತುಂಬಾ ಉಪಕಾರ ಆಯ್ತು. ಅಳೆದೆ. ನೀವು ಇಟ್ಟ 160ಕ್ಕಿಂತ ಸ್ವಲ್ಪ ಕಮ್ಮಿ ಬಂತು, ಅಂದ್ರೆ ಉದ್ದವೂ ಅಷ್ಟು ಕಮ್ಮಿ. ಹಳಬರು ಹೇಳಿದ ಹಾಗೆ ಒಂದು ಸೈಲೆನ್ಸರ್ ಸೀಳಿದೆ. ಒಳಗೆ ಕಾರ್ಬನ್ ಕಿರುಬೆರಳಿನಷ್ಟು ದಪ್ಪ ಕಟ್ಟಿತ್ತು, ಚಾಕುವಿನಲ್ಲಿ ಕೆರೆದರೆ ಒದ್ದೆ ಟಾರ್ ಥರ ಬರುತ್ತೆ. ಬಫಲ್ ತೂತುಗಳಲ್ಲಿ ಅರ್ಧಕ್ಕರ್ಧ ಮುಚ್ಚಿಹೋಗಿದ್ವು. ಒಳಗಿನ ಆಕಾರ ನೋಡಿದ್ರೆ, ಮುಂದಿನ ಭಾಗ ನಿಧಾನಕ್ಕೆ ಅಗಲ ಆಗ್ತಾ ಹೋಗುತ್ತೆ, ಹಿಂದೆ ಬೇಗ ಸಣ್ಣ ಆಗುತ್ತೆ. ಕಡಲತೀರದವರು ಹೇಳಿದ ಎರಡು ಕೋನ್‌ಗಳು ಇದರಲ್ಲೂ ಇವೆ, ಇಳಿಜಾರು ಮಾತ್ರ ಕಮ್ಮಿ.

ಹಾಗಾಗಿ ಹೊರಗಿನ ಆಕಾರ ಹಳೇದೇ ಇರಲಿ, ಒಳಗಿನ ಉದ್ದ ಲೆಕ್ಕದ ಪ್ರಕಾರ ಕೂರಿಸೋಣ ಅಂತ ಯೋಚನೆ. ಎಕ್ಸ್‌ಪಾನ್ಷನ್ ಚೇಂಬರ್ ಆಮೇಲೆ ನೋಡೋಣ. ಈಗ ಕೋನ್ ತಗಡಿನಲ್ಲಿ ಕತ್ತರಿಸೋದು ಹೇಗೆ?

ಲೆಕ್ಕದ ಮೇಡಂ:

ಕೋನ್ ಬಿಡಿಸಿ ಹಾಸಿದ್ರೆ ಬೀಸಣಿಗೆ ಆಕಾರ ಬರುತ್ತೆ. ಒಂದು ಕಡೆ 42, ಇನ್ನೊಂದು ಕಡೆ 90 ಮಿ.ಮೀ. ವ್ಯಾಸ, ಉದ್ದ 300 ಅಂತಿಟ್ಟುಕೊಂಡು ಮಾಡಿ ತೋರಿಸ್ತೀನಿ.

ವ್ಯಾಸಗಳ ವ್ಯತ್ಯಾಸದ ಅರ್ಧ 24. ಓರೆ ಉದ್ದ ಅಂದ್ರೆ 300ರ ವರ್ಗ, 24ರ ವರ್ಗ ಕೂಡಿಸಿ ವರ್ಗಮೂಲ: 301. ದೊಡ್ಡ ತ್ರಿಜ್ಯ = 301 × 90 ÷ 48 = 564. ಚಿಕ್ಕ ತ್ರಿಜ್ಯ = 564 − 301 = 263. ಬೀಸಣಿಗೆಯ ಕೋನ = 180 × 90 ÷ 564 = 28.7 ಡಿಗ್ರಿ. ಬರೆದಾದ ಮೇಲೆ ದೊಡ್ಡ ಕಮಾನಿನ ಮೇಲೆ ದಾರ ಇಟ್ಟು ಅಳೆದರೆ 283, ಚಿಕ್ಕದರ ಮೇಲೆ 132 ಬರಬೇಕು. ಬಂದಿಲ್ಲ ಅಂದ್ರೆ ಕತ್ತರಿಸಬೇಡಿ.

ಒಂದು ಎಚ್ಚರಿಕೆ. ಇಲ್ಲಿ ವ್ಯಾಸ ಅಂದ್ರೆ ತಗಡಿನ ದಪ್ಪದ ಮಧ್ಯದಿಂದ ಮಧ್ಯಕ್ಕೆ. 1.2 ಮಿ.ಮೀ. ತಗಡಿನಲ್ಲಿ ಹೊರ ವ್ಯಾಸ 90 ಬೇಕಾದ್ರೆ ಲೆಕ್ಕಕ್ಕೆ 88.8 ಹಾಕಿ. ಇಲ್ಲಾಂದ್ರೆ ಸುತ್ತಳತೆಯಲ್ಲಿ ಹತ್ತಿರ ಹತ್ತಿರ 4 ಮಿ.ಮೀ. ಜಾಸ್ತಿ ಆಗಿ ಪಕ್ಕದ ತುಂಡಿಗೆ ಕೂರಲ್ಲ. ಕಮಾನು ಎಳೆಯೋಕೆ ದಾರ ಬಳಸಬೇಡಿ, ದಾರ ಹಿಗ್ಗುತ್ತೆ. ಮರದ ರೀಪರ್ ಪಟ್ಟಿಗೆ ಒಂದು ಕಡೆ ಮೊಳೆ, ಇನ್ನೊಂದು ಕಡೆ ಪೆನ್ಸಿಲ್ ಹಾಕಿ. ಮೊದಲು ಮದುವೆ ಕಾರ್ಡಿನ ರಟ್ಟಿನಲ್ಲಿ ಮಾಡಿ, ಗಾಡಿ ಪಕ್ಕ ಹಿಡಿದು ನೋಡಿ. ಕಾಲಿಗೆ, ಕಿಕ್ಕರ್‌ಗೆ, ಸ್ಟ್ಯಾಂಡ್‌ಗೆ ತಾಗುತ್ತಾ ಅಂತ ಆಗಲೇ ಗೊತ್ತಾಗುತ್ತೆ.

ಗ್ಯಾಸ್‌ಕಟರ್ ಹುಬ್ಬಳ್ಳಿ:

ನಮಸ್ಕಾರ್ರಿ. ನಂದು ಫ್ಯಾಬ್ರಿಕೇಶನ್ ಶೆಡ್ ಅದ. ತಗಡಿನ ವಿಷಯ ನಾ ಹೇಳ್ತೀನಿ.

18 ಗೇಜ್ ಸಿಆರ್ (ಕೋಲ್ಡ್ ರೋಲ್ಡ್) ತಗಡು ತಗೋರಿ, ಅಂದ್ರ 1.2 ಮಿ.ಮೀ. 20 ಗೇಜ್ ಆರ್ಕ್‌ನ್ಯಾಗ ತೂತು ಬೀಳತೈತಿ, ಸದ್ದೂ ತಗಡು ಬಡದಂಗ ಬರತೈತಿ. ಜಿಐ ತಗಡು, ಜಿಐ ಪೈಪ್ ಮುಟ್ಟಬ್ಯಾಡ್ರಿ. ಅದರ ಮ್ಯಾಲಿನ ಸತು 907 ಡಿಗ್ರಿಗೆ ಕುದಿಯತೈತಿ, ವೆಲ್ಡಿಂಗ್ ಬಿಸಿ ಅದಕ್ಕಿಂತ ಎಷ್ಟೋ ಜಾಸ್ತಿ. ಆ ಬಿಳಿ ಹೊಗಿ ಕುಡದ್ರ ಸಂಜೀಕ ಚಳಿ ಜ್ವರ ಗ್ಯಾರಂಟಿ. ಕಡಿಮಿ ರೇಟ್ ಅಂತ ಗುಜರಿಯಿಂದ ನೀರಿನ ಪೈಪ್ ತಂದು ಬೆಂಡ್ ಪೈಪ್ ಮಾಡೋರು ಅದಾರ, ಅದನ್ನ ಮಾಡಬ್ಯಾಡ್ರಿ.

ಆರ್ಕ್‌ನ್ಯಾಗ ಆಗತೈತಿ, ಆದ್ರ ತಾಳ್ಮಿ ಬೇಕು. 2 ಮಿ.ಮೀ. 6013 ರಾಡ್, 40ರಿಂದ 50 ಆಂಪ್ಸ್, ಹೋಲ್ಡರ್ ಮೈನಸ್‌ಗೆ ಹಾಕ್ರಿ. ಅವಾಗ ಬಿಸಿ ತಗಡಿಗಿಂತ ರಾಡಿಗೆ ಹೆಚ್ಚು ಹೋಗತೈತಿ. ಉದ್ದಕ ಎಳೀಬ್ಯಾಡ್ರಿ. ಟ್ಯಾಕ್ (ಸಣ್ಣ ಚುಕ್ಕಿ ವೆಲ್ಡ್) ಹಾಕ್ರಿ, ಎದುರು ಕಡೆ ಟ್ಯಾಕ್ ಹಾಕ್ರಿ, ಮತ್ತ ನಡುವ ಹಾಕ್ರಿ. ಹಿಂಗ ಜಾಗ ಬದಲಿಸಿ ಬದಲಿಸಿ ಹಾಕಿದ್ರ ಕೋನ್ ಸೊಟ್ಟ ಆಗೂದಿಲ್ಲ. ಒಳಗ ತಾಮ್ರದ ಪಟ್ಟಿ ಆನಿಸಿದ್ರ ತೂತು ಬೀಳೂದು ಕಡಿಮಿ, ತಾಮ್ರಕ್ಕ ವೆಲ್ಡ್ ಹಿಡಿಯೂದಿಲ್ಲ. ತುಂಡಿನ ನಡುವ ಸಂದು ಇರಬಾರದು. ವೆಲ್ಡ್‌ಲೆ ಸಂದು ತುಂಬತೀನಿ ಅಂದವ ತೂತು ತುಂಬಕೋತ ಕುಂದರತಾನ.

ನಿಮ್ಮ ಊರಾಗ ಹಳೇ ಗ್ಯಾಸ್ ವೆಲ್ಡಿಂಗ್ ಮಾಡೋ ಟಿಂಕರ್ ಇದ್ರ ಅವರ ಕಡೆ ಹೋಗ್ರಿ. ತೆಳು ತಗಡಿಗೆ ಗ್ಯಾಸ್ ಬಾಳ ಚಲೋ. ಜ್ವಾಲಿ ನಿಧಾನ, ಜೋಡಣಿ ಮೆತ್ತಗ ಬರತೈತಿ, ಆಮ್ಯಾಲೆ ಬಡದು ಸರಿ ಮಾಡಾಕ ಬರತೈತಿ. ಆರ್ಕ್ ವೆಲ್ಡ್ ಬಡದ್ರ ಸೀಳತೈತಿ.

ಟಿಗ್ ಇದ್ರ ಮಾತೇ ಬ್ಯಾರೆ. ಮಿಲಿಮೀಟರ್‌ಗೆ 40 ಆಂಪ್ಸ್ ಲೆಕ್ಕ, ಸಾದಾ ಕಬ್ಬಿಣಕ್ಕ ಇಆರ್70ಎಸ್-6 ತಂತಿ. ಸ್ಟೇನ್‌ಲೆಸ್ 304 ಮಾಡಿದ್ರ ಇಆರ್308ಎಲ್ ತಂತಿ, ಒಳಗ ಆರ್ಗಾನ್ ಬಿಟ್ಟು ಕಾಪಾಡ್ರಿ. ಇಲ್ಲಂದ್ರ ಒಳ ಮಗ್ಗಲ ವೆಲ್ಡ್ ಕರ್ರಗ ಸುಟ್ಟು ಉಬ್ಬತೈತಿ, ಅಲ್ಲೇ ಬಿರುಕು. ತಗಡು ಒರೆಸಾಕ ಬ್ರೇಕ್ ಕ್ಲೀನರ್ ಸ್ಪ್ರೇ ಬ್ಯಾಡ. ಕ್ಲೋರಿನ್ ಇರೋ ಕ್ಲೀನರ್ ಮ್ಯಾಲೆ ಆರ್ಕ್ ಬೆಳಕು ಬಿದ್ರ ಫಾಸ್ಜೀನ್ ಅನ್ನೋ ವಿಷಗಾಳಿ ಹುಟ್ಟತೈತಿ, ಅದು ಮನಿಶ್ಯಾನ್ನ ಕೊಲ್ಲೋ ವಿಷ. ಅಸಿಟೋನ್‌ಲೆ ಒರೆಸಿ, ಪೂರ್ತಿ ಆರಿದ ಮ್ಯಾಲೆ ಆರ್ಕ್ ಹಚ್ಚರಿ.

ಮುಖಗವಸ ಇಲ್ದ ಒಂದ ಟ್ಯಾಕ್ ಕೂಡ ಹಾಕಬ್ಯಾಡ್ರಿ. ಪಕ್ಕದಾಗ ಹುಡುಗರು ನಿಂತು ನೋಡಾಕ ಬಿಡಬ್ಯಾಡ್ರಿ, ರಾತ್ರಿ ಅವರ ಕಣ್ಣಾಗ ಉಸುಕು ಹಾಕಿದಂಗ ಉರೀತಾವು.

ಕಡಲತೀರ ಆರ್‌ಎಕ್ಸ್:

ಕೋನ್ ಸುತ್ತುವ ಕಷ್ಟ ಬೇಡ ಅಂದ್ರೆ ಇನ್ನೊಂದು ದಾರಿ ಉಂಟು. ಒಂದೇ ಆಕಾರದ ಎರಡು ಚಪ್ಪಟೆ ತಗಡು ಕತ್ತರಿಸಿ, ಅಂಚು ಪೂರ್ತಿ ವೆಲ್ಡ್ ಮಾಡಿ, ಒಂದು ತುದಿಗೆ ನಲ್ಲಿ ಫಿಟಿಂಗ್ ಹಾಕಿ, ಗಾಡಿ ತೊಳೆಯುವ ಪ್ರೆಷರ್ ವಾಷರ್‌ನಿಂದ ನೀರು ತುಂಬಿಸುವುದು. ತಗಡು ನಿಧಾನಕ್ಕೆ ಉಬ್ಬಿ ಚೇಂಬರ್ ಆಗ್ತದೆ. ನೋಡ್ಲಿಕ್ಕೆ ತುಂಬ ಚಂದ. ತಿರುವಿನ ಒಳಭಾಗದಲ್ಲಿ ಸುಕ್ಕು ಬರ್ತದೆ, ಅಲ್ಲಿ ಬಿಸಿ ಮಾಡಿ ಕೊಡತಿಯಿಂದ ಬಡಿದು ಸರಿಮಾಡ್ಬೇಕು.

ನೀರೇ ತುಂಬಿಸಿ. ಕಂಪ್ರೆಸರ್ ಗಾಳಿ ಮಾತ್ರ ಬೇಡ. ನೀರು ಕುಗ್ಗುವುದಿಲ್ಲ, ವೆಲ್ಡ್ ಬಿಟ್ಟರೆ ಒಂದು ಚಿಲುಮೆ ಹಾರಿ ಒತ್ತಡ ಇಳೀತದೆ. ಗಾಳಿ ಕುಗ್ಗಿ ಕೂತಿರ್ತದೆ, ಬಿಟ್ಟರೆ ತಗಡು ಬಾಂಬಿನ ಚೂರಾಗಿ ಹಾರ್ತದೆ. ನೀರು ತುಂಬುವಾಗಲೂ ಒಳಗಿನ ಗಾಳಿ ಪೂರ್ತಿ ಹೊರಗೆ ಬಿಟ್ಟು ಆಮೇಲೆ ಮುಚ್ಚಬೇಕು.

ಬೆಂಡ್ ಪೈಪ್‌ಗೆ ಮರಳು ತುಂಬಿ ಕಾಯಿಸಿ ಬಗ್ಗಿಸ್ತಾರಲ್ಲ, ಅದಕ್ಕೂ ಒಂದು ಮಾತು. ಮರಳನ್ನು ಬಾಣಲೆಯಲ್ಲಿ ಹುರಿದು ಒಣಗಿಸಿ. ನಮ್ಮ ಕರಾವಳಿಯ ಮರಳಿನಲ್ಲಿ ತೇವ ಜಾಸ್ತಿ. ಎರಡೂ ಕಡೆ ಬಿಗಿದ ಪೈಪ್‌ನಲ್ಲಿ ತೇವ ಆವಿಯಾದ್ರೆ ಮುಚ್ಚಿದ ಗೂಟ ಗುಂಡಿನ ವೇಗದಲ್ಲಿ ಬರ್ತದೆ.

ಬೆಳಗಾವಿ ಬುಲೆಟ್:

ಅಣ್ಣಂದಿರಾ, ಇಷ್ಟೆಲ್ಲಾ ಯಾಕೆ? ನಾನು ಬುಲೆಟ್‌ನ ಬಫಲ್ ತೆಗೆಸಿ ಖಾಲಿ ಪೈಪ್ ಮಾಡಿಸಬೇಕು ಅಂತಿದೀನಿ. ಮೆಕ್ಯಾನಿಕ್ ಹೇಳ್ತಾರೆ ಪವರ್ ಜಾಸ್ತಿ ಆಗುತ್ತೆ ಅಂತ. ಸದ್ದೂ ಡಗ್ ಡಗ್ ಅಂತ ದಪ್ಪಗೆ ಬರುತ್ತೆ. ಮನೇಲೇ ಮಾಡಬಹುದಾ?

ಗ್ಯಾಸ್‌ಕಟರ್ ಹುಬ್ಬಳ್ಳಿ:

ತಮ್ಮಾ, ಸದ್ದು ಜಾಸ್ತಿ ಆಗತೈತಿ, ಪವರ್ ಅಲ್ಲ. ಕಿವಿಗೆ ಜೋರು ಕೇಳಿದ್ರ ಗಾಡಿ ಜೋರು ಹೊಂಟೈತಿ ಅನಸತೈತಿ, ಅಷ್ಟ. ಫೋರ್ ಸ್ಟ್ರೋಕ್‌ನ್ಯಾಗೂ ಪೈಪಿನ ಉದ್ದ, ವ್ಯಾಸ ಇಂಜಿನ್‌ಗೆ ಹೊಂದಬೇಕು. ಗಾಡಿ ಯಾವ ವರ್ಷದ್ದು? 2020ರ ಏಪ್ರಿಲ್ ನಂತರದ ಬಿಎಸ್ 6 (ಹೊಸ ಹೊಗಿ ನಿಯಮದ) ಗಾಡಿ ಇದ್ರ ಅದರಾಗ ಹೊಗಿ ಸ್ವಚ್ಛ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಇರತೈತಿ, ಆಕ್ಸಿಜನ್ ಸೆನ್ಸರ್ ಇರತೈತಿ. ಕಡದು ಹಾಕಿದ್ರ ಪೆಟ್ರೋಲ್ ಲೆಕ್ಕ ತಪ್ಪತೈತಿ, ಹೊಗಿ ಟೆಸ್ಟ್ ಪಾಸ್ ಆಗೂದಿಲ್ಲ.

ರಾತ್ರಿಪಾಳಿ:

ಬೆಳಗಾವಿಯವರೇ, ನಾನು ನರ್ಸ್. ರಾತ್ರಿ ಡ್ಯೂಟಿ ಮುಗಿಸಿ ಬೆಳಿಗ್ಗೆ ಮಲಗೋಳು. ನಮ್ಮ ಬೀದೀಲಿ ಒಂದು ಖಾಲಿ ಪೈಪಿನ ಗಾಡಿ ಇದೆ. ಅದು ಸ್ಟಾರ್ಟ್ ಆದ್ರೆ ಕಿಟಕಿ ಗಾಜು ಅದುರುತ್ತೆ. ಎದುರು ಮನೆ ಪಾಪು ಬೆಚ್ಚಿ ಎದ್ದು ಅಳುತ್ತೆ, ಮೇಲಿನ ಮನೇಲಿ ಹೃದಯದ ಆಪರೇಶನ್ ಆದ ಅಜ್ಜ ಇದಾರೆ. ನಿಮ್ಮ ಗಾಡಿ ಸದ್ದು ನಿಮಗೆ ಇಷ್ಟ ಅನ್ನೋದು ನನಗೆ ಅರ್ಥ ಆಗುತ್ತೆ. ದಯವಿಟ್ಟು ಆ ಬಫಲ್ ತೆಗೆಸಬೇಡಿ.

ಇಲ್ಲಿ ರೋಡ್‌ಕಿಂಗ್‌ನವರು ಇಷ್ಟು ಕಷ್ಟಪಟ್ಟು ಸದ್ದು ಕಮ್ಮಿ ಮಾಡೋ ಸೈಲೆನ್ಸರ್ ಕಟ್ಟೋಕೆ ಹೊರಟಿರೋದು ಓದಿ ನನಗೆ ನಿಜವಾಗಲೂ ಖುಷಿಯಾಯ್ತು. ಗಾಡಿ ಓಡಿಸೋಕೆ ಬರದ ನಾನು ಈ ಚರ್ಚೆ ಪೂರ್ತಿ ಓದ್ತಿದೀನಿ.

ಯಾದವಗಿರಿ ಹಳಬ:

ಕಾನೂನೂ ಹೇಳಿಬಿಡ್ತೀನಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮದ ಪ್ರಕಾರ ಪ್ರತಿ ಗಾಡಿಗೂ ಸದ್ದನ್ನ ಸಾಧ್ಯವಾದಷ್ಟು ಇಳಿಸೋ ಸೈಲೆನ್ಸರ್ ಇರಲೇಬೇಕು. ಹೊಸ ಗಾಡಿಗಳಿಗೆ ಸದ್ದಿನ ಮಿತಿ 175 ಸಿಸಿ ಮೇಲ್ಪಟ್ಟರೆ 80 ಡೆಸಿಬಲ್, 80ರಿಂದ 175 ಸಿಸಿಗೆ 77. ಮೋಟಾರು ವಾಹನ ಕಾಯ್ದೆಯ 190(2)ನೇ ಸೆಕ್ಷನ್ ಪ್ರಕಾರ 2019ರ ತಿದ್ದುಪಡಿ ನಂತರ ಸದ್ದು, ಹೊಗೆ ಮಿತಿ ಮೀರಿದ್ರೆ ಹತ್ತು ಸಾವಿರ ರೂಪಾಯಿ ತನಕ ದಂಡ, ಮೂರು ತಿಂಗಳ ತನಕ ಜೈಲು, ಲೈಸೆನ್ಸ್ ಮೂರು ತಿಂಗಳು ಅಮಾನತು. 52ನೇ ಸೆಕ್ಷನ್ ಗಾಡಿಯನ್ನ ಕಂಪನಿ ವಿವರಕ್ಕೆ ವಿರುದ್ಧವಾಗಿ ಬದಲಾಯಿಸೋದನ್ನ ತಡೆಯುತ್ತೆ. ವಶಪಡಿಸಿಕೊಂಡ ಸೈಲೆನ್ಸರ್‌ಗಳನ್ನ ಸಾಲಾಗಿ ಇಟ್ಟು ಪೊಲೀಸರು ರೋಡ್ ರೋಲರ್ ಹತ್ತಿಸೋದನ್ನ ಪೇಪರಿನಲ್ಲಿ ನೀವೂ ನೋಡಿರ್ತೀರಿ.

ಅದಕ್ಕೇ ರೋಡ್‌ಕಿಂಗ್ ತಮ್ಮನ ತೀರ್ಮಾನ ನನಗೆ ಇಷ್ಟ ಆಯ್ತು. ಹಳೇ ಆಕಾರ, ಹಳೇ ಜಾಗ, ಸದ್ದು ಹಳೇದಕ್ಕಿಂತ ಜಾಸ್ತಿ ಇಲ್ಲ. ಎಫ್‌ಸಿಗೆ ಹೋದಾಗ ಇನ್‌ಸ್ಪೆಕ್ಟರ್ ಮುಂದೆ ಧೈರ್ಯವಾಗಿ ನಿಲ್ಲಬಹುದು.

ಬೆಳಗಾವಿ ಬುಲೆಟ್:

ಅಕ್ಕಾ, ಬಫಲ್ ತೆಗೆಸಲ್ಲ. ಗಾಡಿ ಬಿಎಸ್ 6 ಕೂಡ ಹೌದು. ರೋಡ್‌ಕಿಂಗ್ ಅಣ್ಣ, ನಿಮ್ಮ ಕೆಲಸ ಮುಂದೆ ಏನಾಯ್ತು ಬರೀರಿ, ಕಲಿಯೋಣ.

ರೋಡ್‌ಕಿಂಗ್ ಶಿವಮೊಗ್ಗ:

ಕೆಲಸ ಇಲ್ಲಿಗೆ ಬಂದಿದೆ. ಬೆಂಡ್ ಪೈಪ್ ಎರಡೂ ಒರಿಜಿನಲ್ಲೇ ಉಳಿಸಿಕೊಂಡೆ. ಒಳಗಿನ ಕಾರ್ಬನ್ ತೆಗೆಯೋಕೆ ಕಾಸ್ಟಿಕ್ ಸೋಡಾ ನೀರಲ್ಲಿ ನೆನೆಹಾಕಿದ್ದೆ. ಮಾಡೋರು ಗಮನಿಸಿ: ಸೋಡಾವನ್ನ ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು, ನೀರನ್ನ ಸೋಡಾ ಮೇಲೆ ಸುರಿಯಬಾರದು, ಸಿಡಿಯುತ್ತೆ. ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ. ಅಲ್ಯೂಮಿನಿಯಂ ಪಾರ್ಟ್ ಅದರಲ್ಲಿ ಮುಳುಗಿಸಬೇಡಿ, ಕರಗಿಹೋಗುತ್ತೆ.

ಕೋನ್ ಸುತ್ತಿದ್ದು ಹೀಗೆ. ಹಳೇ ಬೋರ್‌ವೆಲ್ ಪೈಪ್ ತುಂಡೊಂದನ್ನ ವೈಸ್‌ಗೆ ಅಡ್ಡ ಬಿಗಿದು, ಅದರ ಮೇಲೆ ತಗಡಿಟ್ಟು ಮರದ ಕೊಡತಿಯಿಂದ ಬಡಿದೆ. ಮೊದಲು ಎರಡು ಅಂಚು ಬಗ್ಗಿಸಬೇಕು, ಆಮೇಲೆ ನಡುಭಾಗ. ನಡುವಿನಿಂದ ಶುರುಮಾಡಿದ್ರೆ ಕೊನೆಗೆ ಅಂಚು ಚಪ್ಪಟೆ ಉಳಿದು ಕೋನ್ ಹನಿ ಆಕಾರಕ್ಕೆ ಬರುತ್ತೆ. ಕಮಾನು ಗೆರೆಗಳ ಮಧ್ಯಬಿಂದುವಿನ ಕಡೆ ಮುಖ ಮಾಡಿ ಸ್ಕೆಚ್ ಪೆನ್ನಿಂದ ಗೆರೆ ಎಳೆದುಕೊಂಡು, ಪ್ರತಿ ಏಟೂ ಆ ಗೆರೆ ಮೇಲೇ ಬೀಳೋ ಹಾಗೆ ನೋಡ್ಕೊಂಡೆ. ಗೆರೆ ತಪ್ಪಿದ್ರೆ ಕೋನ್ ತಿರುಚಿಕೊಳ್ಳುತ್ತೆ. ಅಂಚುಗಳು ಕೂಡಿದ ಮೇಲೆ ಕಟ್ಟುವ ತಂತಿಯಿಂದ ಬಿಗಿದು ಟ್ಯಾಕ್ ಹಾಕಿದೆ. ಉದ್ದದ ಜೋಡಣೆಗಳನ್ನ ಹುಬ್ಬಳ್ಳಿ ಅಣ್ಣ ಹೇಳಿದ ಹಾಗೆ ನಮ್ಮೂರಿನ ಒಬ್ಬ ಹಿರಿಯ ಟಿಂಕರ್ ಹತ್ರ ಗ್ಯಾಸ್ ವೆಲ್ಡಿಂಗ್ ಮಾಡಿಸಿದೆ. ಅವರು ಜೋಡಣೆ ಮೇಲೆ ಸುತ್ತಿಗೆ ಆಡಿಸಿದ ಮೇಲೆ ಫೈಲ್ ಹಾಕಿ ಉಜ್ಜಿದ್ರೆ ಗೆರೆ ಎಲ್ಲಿದೆ ಅಂತ ಕಾಣಲ್ಲ.

ಬಫಲ್ ಹಿಂದಿನಿಂದ ಬಿಚ್ಚಿ ತೆಗೆಯೋ ಹಾಗೇ ಇಟ್ಟಿದೀನಿ. ಕೊನೆಯ ಸಣ್ಣ ಕೊಳವೆ ಎಷ್ಟು ದಪ್ಪ ಇರಬೇಕು ಅನ್ನೋದೊಂದೇ ಅನುಮಾನ.

ಕಡಲತೀರ ಆರ್‌ಎಕ್ಸ್:

ಅದರಲ್ಲಿ ಕಂಜೂಸಿ ಮಾಡ್ಬೇಡಿ. ಎಕ್ಸ್‌ಪಾನ್ಷನ್ ಚೇಂಬರ್‌ನ ಹಳೇ ಲೆಕ್ಕದಲ್ಲಿ ಕೊನೆಯ ಕೊಳವೆಯ ವ್ಯಾಸ ಬೆಂಡ್ ಪೈಪ್‌ನ 0.58ರಿಂದ 0.62ರಷ್ಟು, ಉದ್ದ ಅದರ ವ್ಯಾಸದ 12 ಪಟ್ಟು. 42ರ ಪೈಪ್‌ಗೆ 25 ಮಿ.ಮೀ., ಉದ್ದ 300. ಆದ್ರೆ ನೀವು ಕಟ್ಟಿದ್ದು ರೇಸ್ ಚೇಂಬರ್ ಅಲ್ಲ, ಹಳೇ ಬಫಲ್‌ನ ತೂತುಗಳ ಒಟ್ಟು ವಿಸ್ತೀರ್ಣ ಕೂಡಿಸಿ ಅದಕ್ಕಿಂತ ಕಡಿಮೆ ಆಗದ ಹಾಗೆ ಇಡಿ. ಸಣ್ಣ ಆದ್ರೆ ಬಿಸಿ ಒಳಗೇ ನಿಂತು ಪಿಸ್ಟನ್ ಸೀಜ್ ಆಗ್ತದೆ, ಅಂದ್ರೆ ಸಿಲಿಂಡರ್‌ಗೆ ಕಚ್ಚಿಕೊಳ್ತದೆ. ಘಾಟಿ ಹತ್ತುವಾಗ ಸೀಜ್ ಆದ್ರೆ ಹಿಂದಿನ ಚಕ್ರ ಲಾಕ್, ಗೊತ್ತುಂಟಲ್ಲ?

ಯಾದವಗಿರಿ ಹಳಬ:

ಕೂರಿಸೋವಾಗ ಅವಸರ ಮಾಡ್ಬೇಡ. ಮೊದಲು ಸಿಲಿಂಡರ್ ಬಾಯಿಯ ಗ್ಯಾಸ್ಕೆಟ್ ಹೊಸದು ಹಾಕು, ಅಲ್ಲಿನ ನಟ್ ಕೈಯಲ್ಲಿ ತಿರುಗಿಸಿ ಕೂರಿಸು. ಆಮೇಲೆ ಹಿಂದಿನ ಬ್ರಾಕೆಟ್ ತಾನಾಗಿ ಫ್ರೇಮ್ ಮೇಲಿನ ತೂತಿಗೆ ಬಂದು ಕೂರಬೇಕು. ಎಳೆದು ಬಗ್ಗಿಸಿ ಬೋಲ್ಟ್ ಹಾಕಿದ್ರೆ ಬಿರುಕು ಖಂಡಿತ. ಒಂದು ಮೀಟರ್ ಉದ್ದದ ಕಬ್ಬಿಣ 300 ಡಿಗ್ರಿ ಕಾದರೆ ಮೂರೂವರೆ ಮಿ.ಮೀ. ಬೆಳೆಯುತ್ತೆ, ಸ್ಟೇನ್‌ಲೆಸ್ ಐದು. ಅದು ಬೆಳೆಯೋಕೆ ಜಾಗ ಕೊಡೋದು ಹಿಂದಿನ ರಬ್ಬರ್ ಬುಷ್. ಅದನ್ನ ತೆಗೆದು ಗಟ್ಟಿ ಬೋಲ್ಟ್ ಹಾಕೋರನ್ನ ನೋಡಿದೀನಿ, ವೆಲ್ಡ್ ಬಿಡೋದು ಅಲ್ಲೇ.

ಹೊರಗೆ ಹೀಟ್ ಪ್ರೂಫ್ ಪೇಂಟ್ ಸಾಕು. ಪೈಪ್‌ಗೆ ಬಿಸಿ ತಡೆಯೋ ಪಟ್ಟಿ ಸುತ್ತೋ ಫ್ಯಾಷನ್ ಬೇಡ. ಮಲೆನಾಡಿನ ಮಳೇಲಿ ಆ ಪಟ್ಟಿ ನೀರು ಹಿಡಿದು ತಗಡನ್ನ ಹೊರಗಿನಿಂದಲೂ ತಿನ್ನುತ್ತೆ.

ರೋಡ್‌ಕಿಂಗ್ ಶಿವಮೊಗ್ಗ:

ಕೂರಿಸಿದೆ, ಓಡಿಸಿದೆ. ಡೂಪ್ಲಿಕೇಟ್ ಹಾಕಿದ್ದಾಗ ಆಗುಂಬೆ ತಿರುವಿನಲ್ಲಿ ಸೆಕೆಂಡ್ ಗೇರಿಗೆ ಇಳಿಸಬೇಕಾಗ್ತಿತ್ತು, ಈಗ ಅದೇ ಜಾಗದಲ್ಲಿ ಥರ್ಡ್‌ನಲ್ಲೇ ಏರುತ್ತೆ. ಸದ್ದು ಮೆತ್ತಗಾಗಿದೆ, ಪಕ್ಕದಲ್ಲಿ ನಿಂತು ಮಾತಾಡಬಹುದು. ಒಂದೇ ಒಂದು ವಿಷಯ. ಪ್ಲಗ್ ಬಿಚ್ಚಿ ನೋಡಿದ್ರೆ ಮೊದಲಿದ್ದ ಕಂದು ಬಣ್ಣ ಹೋಗಿ ಬೆಳ್ಳಗಾಗಿದೆ. ಜೊತೆಗೆ ಬೆಂಡ್ ಪೈಪ್ ಸೈಲೆನ್ಸರ್ ಸೇರೋ ಕಡೆ ಕಪ್ಪು ಆಯಿಲ್ ಸ್ವಲ್ಪ ಒಸರುತ್ತಿದೆ.

ಯಾದವಗಿರಿ ಹಳಬ:

ಪ್ಲಗ್ ಬೆಳ್ಳಗಾದ್ರೆ ಪೆಟ್ರೋಲ್ ಸಾಲ್ತಿಲ್ಲ ಅಂತ. ಸೈಲೆನ್ಸರ್ ಚೆನ್ನಾಗಿ ಎಳೀತಿದೆ, ಇಂಜಿನ್ ಗಾಳಿ ಜಾಸ್ತಿ ತಗೋತಿದೆ, ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಬಿಡೋ ಜೆಟ್ ಹಳೇದೇ ಇದೆ. ಮೇನ್ ಜೆಟ್ ಒಂದು ನಂಬರ್ ದೊಡ್ಡದು ಹಾಕು, ಪ್ಲಗ್ ಕಂದು ಬಣ್ಣಕ್ಕೆ ಬರೋ ತನಕ ಫುಲ್ ಥ್ರಾಟಲ್ ಕೊಡ್ಬೇಡ. ಮೊದಲು ಕಾರ್ಬ್ಯುರೇಟರ್ ಬುಡದಲ್ಲಿ, ಕ್ರ್ಯಾಂಕ್ ಸೀಲ್ ಹತ್ರ ಗಾಳಿ ಸೋರ್ತಿಲ್ಲ ಅಂತ ಖಾತ್ರಿ ಮಾಡ್ಕೋ. ಅದರಿಂದಲೂ ಇದೇ ಬಣ್ಣ ಬರುತ್ತೆ.

ಗ್ಯಾಸ್‌ಕಟರ್ ಹುಬ್ಬಳ್ಳಿ:

ಒಸರೂದಕ್ಕ ಸಿಲಿಕೋನ್ ಬಳಿಯಬ್ಯಾಡ್ರಿ, ಆ ಬಿಸಿಗೆ ಸಾದಾ ಸಿಲಿಕೋನ್ ಸುಟ್ಟು ಹೋಗತೈತಿ. ಕ್ಲಾಂಪ್ ಸಡ್ಲು ಮಾಡಿ ಪೈಪ್ ಎಷ್ಟು ಒಳಗ ಹೋಗೈತಿ ನೋಡ್ರಿ, ಎರಡು ಇಂಚರ ಒಳಗ ಕುಂದರಬೇಕು. ಸಂದು ಇದ್ರ ತೆಳು ತಾಮ್ರದ ತಗಡು ಒಂದು ಸುತ್ತು ಸುತ್ತಿ ಕ್ಲಾಂಪ್ ಬಿಗೀರಿ. ಒಂದು ಸಲ ಚಲೋ ಕಾಯಿಸಿ, ಪೂರ್ತಿ ತಣ್ಣಗಾದ ಮ್ಯಾಲೆ ಮತ್ತೊಮ್ಮೆ ಬಿಗೀರಿ. ಸಿಲಿಂಡರ್ ಬಾಯಿ ನಟ್ಟೂ ಹಂಗ, ಬಿಸಿ ಇದ್ದಾಗ ಜೋರ ಮಾಡಿದ್ರ ಥ್ರೆಡ್ ಹೋಗತಾವು.